ಕೆಚ್ಚಲ ಕೆಳಗಿನ ಇಂಗ್ಲಿಷ್

"ಚೀಟಿ ನೋಡ್ದೆ, ಜನದ ಮುಂದೆ, ಬರೀ ಇಂಗ್ಲಿಷಲ್ಲೇ ಮಾತಾಡ್ತೀನಿ ಕಣ್ಲಾ! ಆಗ್ಲಿಲ್ಲ ಅಂದ್ರೆ ಈ ಮೀಸೆ ಬೋಳಿಸ್ಕೊಂತೀನಿ!"

ಕ್ಯಾಸಂಬಳ್ಳಿ ಪಕ್ಕದ ಊರಿನ ಹಾಲಿನ ಡೈರಿಯ ಮುಂದೆ, ಕ್ಯಾನು ಹಿಡಿದು ಸಾಲಾಗಿ ನಿಂತಿದ್ದ ಸಮಸ್ತ ಜನತೆಯ ಸಮಕ್ಷಮದಲ್ಲಿ, ವೆಂಕಟೇಶಪ್ಪ ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿದ. ಮಾಡಿ, ಮೀಸೆಯನ್ನು ಎರಡೂ ಕಡೆ ಒಮ್ಮೆ ಹುರಿ ಮಾಡಿದ.

ಆ ಮೀಸೆಯ ಬಗ್ಗೆ ನಿಮಗೆ ಎರಡು ಮಾತು ಹೇಳಲೇಬೇಕು. ವೆಂಕಟೇಶಪ್ಪನ ಆಸ್ತಿ ಅಂದರೆ ಒಂದಿಷ್ಟು ರಾಗಿ ಹೊಲ, ಅದರ ಪಕ್ಕ ಟೊಮ್ಯಾಟೊ ತೋಟ, ಕೊಟ್ಟಿಗೆಯಲ್ಲಿ ರಾಣಿ ಎಂಬ ಸೀಮೆ ಹಸು. ಆದರೆ ಊರವರು ಅವನನ್ನು ಗುರುತಿಸುವುದು ಇವ್ಯಾವುದರಿಂದಲೂ ಅಲ್ಲ, ಮೀಸೆಯಿಂದ! ಕೆಜಿಎಫ್ ಬಸ್ಸಿನ ಕಂಡಕ್ಟರ್ ಕೂಡ "ಮೀಸೆಯೋರೇ, ಒಳಕ್ಕೆ ಓಗಿ" ಎನ್ನುತ್ತಾನೆ. ಮದುವೆ ಫೋಟೋದಲ್ಲಿ ತನಗಿಂತ ಮೀಸೆಯೇ ಎದ್ದು ಕಾಣುತ್ತದೆ ಎಂಬುದು ಹೆಂಡತಿ ಗಂಗರತ್ನಮ್ಮನ ಹಳೇ ದೂರು. ಅಂಥ ಮೀಸೆಯನ್ನು ಬೆಳಬೆಳಗ್ಗೆ, ಕಾಫಿ ಕೂಡ ಕುಡಿಯದೆ, ಪಣಕ್ಕಿಟ್ಟುಬಿಟ್ಟಿದ್ದ.

ಇದಕ್ಕೆಲ್ಲ ಕಾರಣ ಪಕ್ಕದ ಮನೆಯ ಚಿಕ್ಕವೆಂಕಟಪ್ಪ. ಬಂಗಾರಪೇಟೆಯ ಕಲ್ಯಾಣಮಂಟಪದಲ್ಲಿ ಸುತ್ತಲಿನ ಶಾಲೆಗಳೆಲ್ಲ ಸೇರಿ ಇಂಗ್ಲಿಷ್ ಹಬ್ಬ ಮಾಡುತ್ತವಂತೆ, ಮಕ್ಕಳ ಜೊತೆ ಶಾಲೆಗೊಬ್ಬರು ಪೋಷಕರೂ ಇಂಗ್ಲಿಷಿನಲ್ಲಿ ಮಾತಾಡಬೇಕಂತೆ, ನಮ್ಮೂರ ಶಾಲೆಯಿಂದ ವೆಂಕಟೇಶಪ್ಪನ ಹೆಸರು ಕೊಟ್ಟಿದ್ದಾರಂತೆ ಎಂಬ ಸುದ್ದಿ ಡೈರಿಗೆ ಬಂದಿತ್ತು. ಚಿಕ್ಕವೆಂಕಟಪ್ಪ ಸುಮ್ಮನೆ ಹಾಲು ಹಾಕಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ.

"ನಮ್ ವೆಂಕಟೇಶ ಮೈಕ್ ಮುಂದೆ ನಿಂತ್ರೆ ಮೈಕೇ ಎದ್ದು ಓಡೋಗ್ತದೆ ಬಿಡ್ರಪ್ಪಾ!" ಅಂದ. ಸಾಲೆಲ್ಲ ನಕ್ಕಿತು. ಡೈರಿ ಸೆಕ್ರೆಟರಿಯೂ ನಕ್ಕ. ಆಗ ಬಂದದ್ದೇ ಮೇಲಿನ ಪ್ರತಿಜ್ಞೆ!

"ಎಲ್ರೂ ಕೇಳುಸ್ಕೊಂಡ್ರಾ?" ಎಂದು ಚಿಕ್ಕವೆಂಕಟಪ್ಪ ಸುತ್ತ ನೋಡಿದ. "ನಾನೂ ಬಂಗಾರಪೇಟೆಗೆ ಬತ್ತೀನಿ. ಬರೋವಾಗ ಒಸಾ ಬ್ಲೇಡು ತತ್ತೀನಿ!"

ಹಾಗಂತ ವೆಂಕಟೇಶಪ್ಪನಿಗೆ ಇಂಗ್ಲಿಷ್ ಏನೇನೂ ಬಾರದು ಎಂದುಕೊಳ್ಳಬೇಡಿ. ಅವನು ಕ್ಲಾಸಿಗೆ ಹೋಗುತ್ತಿದ್ದ! ಶಾಲೆಯ ಇಂಗ್ಲಿಷ್ ಟೀಚರ್ ಅರ್ಚನ ಮಿಸ್ ದಿನಾ ಉರಿಗಾಂನಿಂದ ಬಸ್ಸು ಹಿಡಿದು ಬರುವವರು. ಮಕ್ಕಳು ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ಮನೆಯಲ್ಲಿ ಆಡೋಣವೆಂದರೆ ಉತ್ತರ ಕೊಡುವವರೇ ಇಲ್ಲ, ಅಪ್ಪ ಅಮ್ಮಂದಿರಿಗೂ ನಾಲ್ಕು ಮಾತು ಕಲಿಸಿಬಿಡೋಣ ಎಂದು ಶನಿವಾರ ಶಾಲೆ ಬಿಟ್ಟ ಮೇಲೆ ಪೋಷಕರ ಕ್ಲಾಸು ಶುರು ಮಾಡಿದ್ದರು. ಬಂದವರೆಲ್ಲ ಹೆಂಗಸರೇ. ಗಂಡಸು ಅಂತ ಇದ್ದವನು ವೆಂಕಟೇಶಪ್ಪ ಒಬ್ಬ. ಅದೂ ಮುಂದಿನ ಬೆಂಚು! ಅವನ ಮಗಳು ಕವಿತ ಒಂಬತ್ತನೇ ಕ್ಲಾಸಿನಲ್ಲಿ ಇಂಗ್ಲಿಷಿಗೆ ಮೊದಲು. ಮಗಳಿಗೆ ಬಂದದ್ದು ಅಪ್ಪನಿಗೆ ಬಾರದೆ ಹೋಗುತ್ತದೆಯೇ ಎಂಬುದು ಅವನ ಲೆಕ್ಕ.

ಮೊದಲ ಪಾಠ ಸುಲಭದ್ದು. ಮಿಸ್ "ಹೌ ಆರ್ ಯೂ?" ಎಂದು ಕೇಳಬೇಕು, ಇವರು "ಐ ಯಾಮ್ ಫೈನ್" ಎನ್ನಬೇಕು. ಎಲ್ಲರೂ ಅಂದರು. ವೆಂಕಟೇಶಪ್ಪನಂತೂ ಕಿಟಕಿ ಅದುರುವಂತೆ ಅಂದ. ಗಂಗರತ್ನಮ್ಮನ ಸರದಿ ಬಂತು.

"ನಂಗೆ ಮಂಡಿ ನೋವು ಮಿಸ್. ಫೈನ್ ಅಂತ ಎಂಗೆ ಏಳ್ಲಿ?"

"ಪರವಾಗಿಲ್ಲಮ್ಮಾ, ಇಂಗ್ಲಿಷಲ್ಲಿ ಹಾಗೇ ಹೇಳೋದು."

"ಸುಳ್ ಏಳಾಕೆ ಇಂಗ್ಲಿಷ್ ಯಾಕ್ ಮಿಸ್ ಕಲೀಬೇಕು? ಕನ್ನಡದಾಗೇ ಏಳ್ಬೋದಲ್ಲಾ!"

ಮಿಸ್ ನಕ್ಕೂ ನಕ್ಕೂ ಸುಸ್ತಾಗಿ, "ಸರಿ, ನೀವು ಐ ಯಾಮ್ ನಾಟ್ ಫೈನ್ ಅನ್ನಿ" ಎಂದರು. ಗಂಗರತ್ನಮ್ಮ ಸಮಾಧಾನದಿಂದ "ಐ ಯಾಮ್ ನಾಟ್ ಫೈನ್" ಎಂದು ಕೂತಳು. ದಾರಿಯುದ್ದಕ್ಕೂ ಗಂಡ ಬೈದ.

"ಮಾನ ಕಳ್ದೆಯಲ್ಲೇ! ಇಂಗ್ಲಿಷ್ನೋರು ಯಾವತ್ತೂ ಫೈನೇ! ಎಲ್ಲಾದ್ರೂ ಮಂಡಿ ನೋವು ಅಂದಿದ್ದು ಕೇಳಿದ್ದೀಯಾ?"

"ಅವ್ರು ಯಾವತ್ತು ಕೊಟ್ಗೆ ಬಾಚಿದ್ರು? ಬಾಚಿದ್ರೆ ಅವ್ರೂ ಅಂತಿದ್ರು" ಎಂದು ಅವಳು ಮಂಡಿ ಹಿಡಿದುಕೊಂಡೇ ನಡೆದಳು.

ಸರಿ, ಪ್ರತಿಜ್ಞೆಯಾಯಿತು, ಭಾಷಣ ಬೇಕಲ್ಲ? ಅರ್ಚನ ಮಿಸ್ ಅವನ ಮನೆ, ಹೊಲ, ಕಸುಬು ಎಲ್ಲ ಕೇಳಿಕೊಂಡು, ಪುಟ್ಟದೊಂದು ಭಾಷಣ ಕಟ್ಟಿ, ತಮ್ಮ ದನಿಯಲ್ಲೇ ಹೇಳಿ ಅವನ ಫೋನಿಗೆ ಕಳಿಸಿದರು. ಕೇಳಿ ಕೇಳಿ ಬಾಯಿಪಾಠ ಮಾಡಿದರಾಯಿತು. ಆದರೆ ರೈತನಿಗೆ ಕೂತು ಪಾಠ ಕೇಳುವ ಪುರುಸೊತ್ತೆಲ್ಲಿ? ಬೆಳಗಾದರೆ ನೀರು, ಔಷಧಿ, ಕಳೆ. ಕೂರುವುದು ಅಂತ ಇದ್ದರೆ ದಿನಕ್ಕೆ ಎರಡೇ ಸಲ, ಬೆಳಿಗ್ಗೆ ಸಂಜೆ ರಾಣಿಯ ಕೆಚ್ಚಲ ಕೆಳಗೆ, ಮೊಣಕಾಲ ಮಧ್ಯೆ ಬಕೆಟ್ಟು ಹಿಡಿದು, ಕುಕ್ಕರುಗಾಲಲ್ಲಿ!

ಹೀಗಾಗಿ ಕೊಟ್ಟಿಗೆಯೇ ಕಾಲೇಜಾಯಿತು. ಫೋನನ್ನು ಗೋಡೆಯ ಮೊಳೆಗೆ ನೇತುಹಾಕಿದ. ಮಿಸ್ ದನಿ ಬರುತ್ತಿದ್ದಂತೆ ಇವನೂ ಶುರು. ಎಡಗೈ ಹಿಂಡಿದಾಗ "ಗುಡ್", ಬಲಗೈ ಹಿಂಡಿದಾಗ "ಮಾರ್ನಿಂಗ್", ಮತ್ತೆ ಎಡಗೈ "ಎವರಿ", ಬಲಗೈ "ಬಡಿ"! "ಮೈ ನೇಮ್" ಚೊರ್, "ಈಸ್ ವೆಂಕಟೇಶಪ್ಪ" ಚೊರ್! ಕೈ ನಿಂತರೆ ಬಾಯಿ ನಿಲ್ಲುತ್ತಿತ್ತು, ಬಾಯಿ ನಿಂತರೆ ಹಾಲು. ಮೊದಮೊದಲು ರಾಣಿ ಕಿವಿ ನಿಮಿರಿಸಿ, ಈ ಮನುಷ್ಯನಿಗೆ ಏನಾಯಿತಪ್ಪಾ ಎಂಬಂತೆ ತಿರುಗಿ ನೋಡುತ್ತಿದ್ದಳು. ಆಮೇಲೆ ಒಗ್ಗಿಕೊಂಡಳು. ಸಂಜೆ ಹೊತ್ತು ಗುಡ್ ಈವಿನಿಂಗ್ ಅನ್ನಬೇಕು ಎಂದು ಮಿಸ್ ಹೇಳಿದ್ದರು. ಒಂದು ದಿನ ಹಾಗೂ ಅಂದು ನೋಡಿದ. ರಾಣಿ ಬಕೆಟ್ಟಿಗೇ ಒಂದು ಒದೆ ಕೊಟ್ಟಳು! ಅಂದಿನಿಂದ ಆ ಕೊಟ್ಟಿಗೆಯಲ್ಲಿ ಸೂರ್ಯ ಮುಳುಗಿದರೂ ಗುಡ್ ಮಾರ್ನಿಂಗೇ.

ಗೋಡೆಯ ಈಚೆ ಅಡುಗೆಮನೆ. ಅಲ್ಲಿ ಮುದ್ದೆ ತಿರುವುತ್ತಿದ್ದ ಗಂಗರತ್ನಮ್ಮನ ಕಿವಿಗೆ ಎರಡು ಹೊತ್ತೂ ಈ ಭಾಷಣದ ಅಭಿಷೇಕ. ಒಂದು ದಿನ ಮುದ್ದೆಕೋಲು ಹಿಡಿದೇ ಕೊಟ್ಟಿಗೆಗೆ ಬಂದಳು.

"ಅದೇನದು, ಐ ಹ್ಯಾವ್ ಒನ್ ವೈಫ್ ಅಂತೀಯಲ್ಲಾ, ಏನ್ ಅಂಗಂದ್ರೆ?"

"ನಂಗೆ ಒಬ್ಳು ಎಂಡ್ತಿ ಅವ್ಳೆ ಅಂತ."

"ಅದುನ್ನ ಎಣ್ಸಿ ಏಳೋದೇನು? ಇನ್ನೆಷ್ಟು ಇರ್ಬೇಕಿತ್ತು ನಿಂಗೆ?"

"ಅಯ್ಯೋ, ಮಿಸ್ ಏಳ್ಕೊಟ್ಟಿದ್ದಮ್ಮಾ! ಒನ್ ವೈಫ್, ಒನ್ ಡಾಟರ್, ಒನ್ ಕೌ. ಸಾಲಾಗಿ ಬತ್ತದೆ."

"ಅಸೂನೂ ನನ್ನೂ ಒಂದೇ ಸಾಲಲ್ಲಿ ನಿಲ್ಸಿದ್ದೀಯಾ! ಬಾಳಾ ಸಂತೋಸ!" ಎಂದು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು. "ಅಲ್ಲಾ, ಕವಿತನಪ್ಪಾ, ಇದೆಲ್ಲಾ ಕುಕ್ರುಗಾಲಲ್ಲಿ ಕೂತು ಏಳ್ತೀಯಲ್ಲಾ, ಅಲ್ಲಿ ನಿಂತ್ಕೊಂಡು ಏಳ್ಬೇಕಲ್ವಾ? ಒಂದ್ಸಲ ಎದ್ ನಿಂತು ಏಳಿ ನೋಡು."

"ಕೂತು ಬಂದಿದ್ದು ನಿಂತ್ರೆ ಬರಲ್ವಾ? ಮಾತು ಇರೋದು ಬಾಯಾಗೆ, ಕಾಲಾಗಲ್ಲ!"

ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ಅವನು ಮರೆತುಬಿಟ್ಟ.

ಇಡೀ ಭಾಷಣದಲ್ಲಿ ಒಂದು ಸಾಲನ್ನು ಮಾತ್ರ ಅವನು ಜೋರಾಗಿ ಹೇಳುತ್ತಿರಲಿಲ್ಲ. ಅದು ಅವನೇ ಮಿಸ್ ಹತ್ತಿರ ಕೇಳಿ ಸೇರಿಸಿಕೊಂಡ ಸಾಲು. ಅದು ಬಂದಾಗ ಒಳಗೆ ಓದುತ್ತಿದ್ದ ಕವಿತಳಿಗೆ ಕೇಳಿಸದಂತೆ ರಾಣಿಯ ಹೊಟ್ಟೆಗೆ ಬಾಯಿ ಹತ್ತಿಸಿ ಪಿಸುಗುಟ್ಟುತ್ತಿದ್ದ. ಹಸು ಗುಟ್ಟು ಬಿಡುವ ಪೈಕಿ ಅಲ್ಲ ನೋಡಿ.

ಹಬ್ಬ ಹತ್ತಿರ ಬಂದಾಗ ಒಂದು ಸಂಜೆ ವೆಂಕಟೇಶಪ್ಪ ತನ್ನ ಮದುವೆಯ ಕೋಟನ್ನು ಹಿಗ್ಗಿಸಿಕೊಂಡು ಬರಲು ಕೆಜಿಎಫ್‌ನ ಟೈಲರ್ ಹತ್ತಿರ ಹೋದ. ಅವತ್ತು ಗಂಗರತ್ನಮ್ಮ ಹಾಲು ಕರೆಯಲು ಕೂತಳು. ಒಂದು ತೊಟ್ಟು ಬರಲಿಲ್ಲ! ಬೂಸಾ ಇಟ್ಟಳು. ಕರು ಬಿಟ್ಟಳು. ಬೆನ್ನು ಸವರಿದಳು. ಕನ್ನಡದಲ್ಲಿ ರಮಿಸಿ, ತವರಿನ ತೆಲುಗಿನಲ್ಲಿ ಬೈದಳು. ರಾಣಿ ಮಾತ್ರ ಗೋಡೆಯ ಖಾಲಿ ಮೊಳೆಯನ್ನೇ ನೋಡುತ್ತಾ ಮೆಲುಕು ಹಾಕುತ್ತಿದ್ದಳು. ಗಂಡ ಬಸ್ಸಿಳಿದು ಬಂದು, ಬುಡದಲ್ಲಿ ಕೂತು "ಗುಡ್ ಮಾರ್ನಿಂಗ್ ಎವರಿಬಡಿ" ಅಂದದ್ದೇ ತಡ, ಚೊರ್ರೋ ಎಂದು ಬಕೆಟ್ಟು ನೊರೆಗಟ್ಟಿತು!

"ನೋಡ್ದಾ!" ಎಂದು ವೆಂಕಟೇಶಪ್ಪ ಉಬ್ಬಿಹೋದ. "ನನ್ ಇಂಗ್ಲಿಷ್ಗೆ ಸೀಮೆ ಅಸು ತಲೆದೂಗ್ತದೆ! ನೀನೂ ಏಳು, ಬಿಡ್ತದೆ."

"ಅಸಿನ ತಾವ ಇಂಗ್ಲಿಷ್ ಮಾತಾಡಾಕೆ ನಂಗೇನ್ ತಲೆ ಕೆಟ್ಟೈತಾ?" ಎಂದಳು ಗಂಗರತ್ನಮ್ಮ.

ಹಬ್ಬದ ದಿನ ಬಂತು. ಕಾರ್ಯಕ್ರಮ ಮಧ್ಯಾಹ್ನ, ಸಂಜೆ ಹಾಲಿನ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಹೇಳಿ ವೆಂಕಟೇಶಪ್ಪ ಕೋಟು ತೊಟ್ಟು ಬಸ್ಸು ಹತ್ತಿದ. ಟೈಲರ್ ಎಷ್ಟು ಹಿಗ್ಗಿಸಿದರೂ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಜೀವ ಬಿಗಿಹಿಡಿದು ಕೂತಿತ್ತು. ಹಿಂದಿನ ಸೀಟಿನಲ್ಲಿ ಚಿಕ್ಕವೆಂಕಟಪ್ಪ. ಅವನ ಅಂಗಿಯ ಜೇಬಿನಲ್ಲಿ, ಹೊಸಾ ಬ್ಲೇಡು! ದಾರಿಯುದ್ದಕ್ಕೂ ಜೇಬು ತಟ್ಟಿ ತಟ್ಟಿ ತೋರಿಸುತ್ತಿದ್ದ.

ಕಾರ್ಯಕ್ರಮದ ನಿರೂಪಣೆ ಕವಿತಳದ್ದು. ಎರಡು ಜಡೆಗೂ ಹೂ ಮುಡಿದು, ಮೈಕಿನ ಮುಂದೆ ಅರಳು ಹುರಿದಂತೆ ಇಂಗ್ಲಿಷ್ ಮಾತಾಡುತ್ತಿದ್ದ ಮಗಳನ್ನು ನೋಡಿ ವೆಂಕಟೇಶಪ್ಪನಿಗೆ ಎದೆ ತುಂಬಿತು. ಅವಳಿಗೋ ಅಪ್ಪನದೇ ಚಿಂತೆ. ಪರದೆಯ ಹಿಂದೆ ಕರೆದು ಹೇಳಿದಳು.

"ಅಪ್ಪಾ, ಚೀಟಿ ಬರ್ಕೊಡ್ತೀನಿ. ನೋಡ್ಕೊಂಡೇ ಓದು. ಯಾರೂ ಏನೂ ಅನ್ಕೊಳಲ್ಲ."

"ಚೀಟಿ ಇಡ್ಕೊಂಡ್ರೆ ಮೀಸೆ ಓಯ್ತದಮ್ಮಾ!"

"ಮೀಸೆ ಬೆಳೀತದೆ. ಮಾನ ಓದ್ರೆ?"

"ನೀನು ಎದ್ರುಬ್ಯಾಡ. ನಿಮ್ಮಪ್ಪ ಅವ್ನೆ!"

ಮುಖ್ಯ ಅತಿಥಿಗಳು ಬರುವುದೇ ತಡವಾಯಿತು. ಬಂದ ಮೇಲೆ ಮಾತು ಮುಗಿಸುವುದು ಇನ್ನೂ ತಡವಾಯಿತು. ವೆಂಕಟೇಶಪ್ಪನ ಸರದಿ ಬರುವಷ್ಟರಲ್ಲಿ ಬಿಸಿಲು ಇಳಿದು, ಊರಿನಲ್ಲಿ ಹಾಲು ಕರೆಯುವ ಹೊತ್ತೇ ಆಗಿಬಿಟ್ಟಿತ್ತು.

"ನೌ ಐ ಇನ್ವೈಟ್... ಮೈ ಫಾದರ್," ಎಂದಳು ಕವಿತ.

ವೆಂಕಟೇಶಪ್ಪ ಗಂಭೀರವಾಗಿ ನಡೆದು ಬಂದ. ಮೈಕಿನ ಮುಂದೆ ನಿಂತ. ಮೀಸೆ ತಿರುವಿದ. ಬಾಯಿ ತೆರೆದ.

ಏನೂ ಬರಲಿಲ್ಲ!

ಮತ್ತೆ ತೆರೆದ. "ಗುಡ್..." ಎಂದ. ಗುಡ್ ಆದ ಮೇಲೆ ಏನು? ಎಡಗೈ ಕೆಲಸವಿಲ್ಲದೆ ನೇತಾಡುತ್ತಿತ್ತು, ಬಲಗೈಯೂ ಹಾಗೆಯೇ. ಕೊಟ್ಟಿಗೆಯಲ್ಲಿ ಕೈ ಹಿಂಡಿದರೆ ಮಾತು ತಾನಾಗಿ ಉದುರುತ್ತಿತ್ತು. ಇಲ್ಲಿ ಹಿಂಡುವುದಕ್ಕೆ ಏನಿದೆ? ಬೆವರು ಮೀಸೆಗೆ ಇಳಿಯಿತು. ಮುಂದಿನ ಸಾಲಿನಲ್ಲಿ ಅರ್ಚನ ಮಿಸ್ ತುಟಿ ಆಡಿಸಿ ತೋರಿಸಿದರು; ಇವನಿಗೆ ತುಟಿ ಕಂಡಿತೇ ಹೊರತು ಮಾತು ಕಾಣಲಿಲ್ಲ. ಯಾರೋ ಕೆಮ್ಮಿದರು. ಒಂದು ಮಗು ಕಿಸಕ್ಕನೆ ನಕ್ಕಿತು. ನಾಲ್ಕನೇ ಸಾಲಿನಲ್ಲಿ ಚಿಕ್ಕವೆಂಕಟಪ್ಪ ಬ್ಲೇಡನ್ನು ಹೊರತೆಗೆದು, ಕಾಗದ ಬಿಚ್ಚದೆಯೇ ತನ್ನ ಮೇಲ್ದುಟಿಯ ಮೇಲೆ ನಿಧಾನವಾಗಿ ಆಡಿಸಿದ. ಪಕ್ಕದಲ್ಲಿ ಕವಿತ ತಲೆ ತಗ್ಗಿಸಿ ಜಡೆಯ ತುದಿಯನ್ನು ಹಿಡಿದು ನಿಂತಿದ್ದಳು. ಅದನ್ನು ಕಂಡಾಗ ಮಾತ್ರ ವೆಂಕಟೇಶಪ್ಪನಿಗೆ ನಿಜವಾಗಿ ದುಃಖವಾಯಿತು. ಮೀಸೆ ಹಾಳಾಗಲಿ, ಮಗಳ ಮುಖ ಕೆಳಗೆ ಹಾಕಿಸಿದೆನಲ್ಲಾ ಅನ್ನಿಸಿತು.

ಆಗ ಕೋಟಿನ ಜೇಬಿನಲ್ಲಿ ಫೋನು ಕೂಗಿಕೊಂಡಿತು.

ಗಾಬರಿಯಲ್ಲಿ ಅದನ್ನು ಆರಿಸಲು ಹೋಗಿ ಸ್ಪೀಕರ್ ಒತ್ತಿದ. ಅದೂ ಮೈಕಿನ ಮುಂದೆ! ಗಂಗರತ್ನಮ್ಮನ ಕಂಠ ಕಲ್ಯಾಣಮಂಟಪದ ಮೂಲೆಮೂಲೆಗೂ ಮೊಳಗಿತು.

"ಎಲ್ಲಿ ಆಳಾಗೋದೆ? ಅಸು ಆಲು ಬಿಡ್ತಾ ಇಲ್ಲ! ಕೆಚ್ಲು ಬಿಗುದು ಒದ್ದಾಡ್ತೈತೆ! ಇನ್ನೊಂಚೂರು ಒತ್ತಾದ್ರೆ ಡೈರಿ ಮುಚ್ತಾರೆ! ಆ ನಿನ್ ಇಂಗ್ಲಿಷು ಅಲ್ಲಿಂದ್ಲೇ ಒಂಚೂರು ಒದರು, ಪೋನ್ನ ಅಸಿನ ಕಿವಿ ತಾವ ಮೊಳೆಗೆ ನೇತಾಕ್ತೀನಿ!"

ಸಭೆಯಲ್ಲಿ ನಗುವಿನ ಪ್ರವಾಹ! ಮುಖ್ಯ ಅತಿಥಿಗಳೇ ಶಾಲು ಬಾಯಿಗಿಟ್ಟುಕೊಂಡು ಕುಲುಕಿದರು. ನಗದೆ ಇದ್ದವಳು ಕವಿತ ಒಬ್ಬಳು. ಅವಳು ಅಪ್ಪನ ನೇತಾಡುವ ಕೈಗಳನ್ನು ನೋಡಿದಳು, ಫೋನನ್ನು ನೋಡಿದಳು. ದಿನಾ ಕೊಟ್ಟಿಗೆಯ ಸದ್ದು ಕೇಳಿ ಬೆಳೆದವಳಲ್ಲವೇ, ಅವಳಿಗೆ ಅರ್ಥವಾಗಿಹೋಯಿತು.

"ಅಪ್ಪಾ," ಎಂದು ಹತ್ತಿರ ಬಂದು ಪಿಸುಗುಟ್ಟಿದಳು, "ಕುಕ್ರುಗಾಲಲ್ಲಿ ಕೂತ್ಕೋ."

"ಇಲ್ಲೇನಮ್ಮಾ? ಇಷ್ಟ್ ಜನದ ಮುಂದೆ?"

"ಕೂತ್ಕೋ ಅಪ್ಪಾ! ರಾಣಿ ಬುಡ ಅಂತ ಅನ್ಕೋ!"

ಮೈಕ್‌ಸೆಟ್ಟಿನ ಕುಪ್ಪುಸ್ವಾಮಿ ಕೆಜಿಎಫ್‌ನ ಚಾಂಪಿಯನ್ ರೀಫ್ಸಿನವರು, ಎಂಥೆಂಥ ಭಾಷಣಕಾರರಿಗೋ ಮೈಕ್ ಹಿಡಿದವರು. ಅವರು ಹಿಂದೆ ಮುಂದೆ ನೋಡದೆ ಓಡಿಬಂದು, "ಉಕ್ಕಾರುಂಗ ಸಾರ್, ಕೂತ್ಕೊಳ್ಳಿ! ಮೈಕ್ ನಾನ್ ಕೆಳಗ್ ಇಳಿಸ್ತೀನಿ!" ಎಂದು ಸ್ಟ್ಯಾಂಡನ್ನು ಮೊಣಕಾಲೆತ್ತರಕ್ಕೆ ತಂದರು. ವೆಂಕಟೇಶಪ್ಪ ದೇವರ ಮೇಲೆ ಭಾರ ಹಾಕಿ ಕೂತ. ಕೋಟಿನ ಗುಂಡಿ ಟಪ್ಪೆಂದು ಹಾರಿ ಮುಂದಿನ ಸಾಲಿನ ಹೂಗುಚ್ಛದಲ್ಲಿ ಬಿತ್ತು. ಅವನು ಎರಡೂ ಮುಷ್ಟಿಯನ್ನು ಗಾಳಿಯಲ್ಲಿ ಹಿಡಿದ. ಕಣ್ಣು ಮುಚ್ಚಿ ಎಡಗೈ ಹಿಂಡಿದ.

"ಗುಡ್!"

ಬಲಗೈ.

"ಮಾರ್ನಿಂಗ್! ಎವರಿ! ಬಡಿ!"

ಬಂತು ನೋಡಿ ಹೊಳೆ! "ಮೈ ನೇಮ್ ಈಸ್ ವೆಂಕಟೇಶಪ್ಪ! ಐ ಯಾಮ್ ಎ ಫಾರ್ಮರ್! ಐ ಗ್ರೋ ರಾಗಿ ಅಂಡ್ ಟೊಮ್ಯಾಟೊ! ಐ ಹ್ಯಾವ್ ಒನ್ ವೈಫ್, ಒನ್ ಡಾಟರ್ ಅಂಡ್ ಒನ್ ಕೌ!" ಸಂಜೆಯಲ್ಲಿ ಗುಡ್ ಮಾರ್ನಿಂಗ್ ಏಕೆಂದು ಯಾರೂ ಕೇಳಲಿಲ್ಲ. ಏಕೆಂದರೆ ಅಷ್ಟರಲ್ಲಿ ಕವಿತ ಅಪ್ಪನ ಕೈಯಿಂದ ತೆಗೆದು ಹಿಡಿದುಕೊಂಡಿದ್ದ ಫೋನಿನಿಂದ, ಮೈಕಿನ ಮೂಲಕ, ಸ್ಪಷ್ಟವಾಗಿ ಕೇಳಿಸತೊಡಗಿತು: ಚೊರ್... ಚೊರ್... ಚೊರ್...

"ಬಿಡ್ತು! ಬಿಡ್ತು!" ಎಂದು ಗಂಗರತ್ನಮ್ಮ ಕೂಗಿದಳು. ಕಲ್ಯಾಣಮಂಟಪ ಚಪ್ಪಾಳೆಯಿಂದ ಕಿತ್ತುಹೋಯಿತು!

"ಮೈ ಡಾಟರ್ ಈಸ್ ಸ್ಟಡಿಯಿಂಗ್ ವೆಲ್! ಐ ಯಾಮ್..."

ಅಲ್ಲಿ ಅವನ ಕೈ ನಿಂತಿತು. ಅದು ಹಸುವಿನ ಹೊಟ್ಟೆಗೆ ಹೇಳುತ್ತಿದ್ದ ಸಾಲು. ಕಣ್ಣು ತೆರೆದರೆ ಎದುರಿಗೆ ಹಸು ಇಲ್ಲ, ಮಗಳು ಇದ್ದಾಳೆ.

"ಯಾಕ್ ನಿಲ್ಲುಸ್ದೆ?" ಎಂದು ಫೋನು ಗದರಿಸಿತು. "ನೀನ್ ನಿಲ್ಲುಸ್ದೆ, ಅಸೂನೂ ನಿಲ್ಲುಸ್ತು!"

"ಐ ಯಾಮ್ ವೆರಿ ಪ್ರೌಡ್ ಆಫ್ ಹರ್," ಎಂದ ವೆಂಕಟೇಶಪ್ಪ. ಈ ಸಲ ಪಿಸುಮಾತಿನಲ್ಲಲ್ಲ. ಕವಿತಳ ಕಣ್ಣು ತುಂಬಿತು, ಅವನದೂ ತುಂಬಿತು. "ಥ್ಯಾಂಕ್ ಯೂ" ಎಂದು ಮುಗಿಸಿ ಏಳಹೋದ.

"ಎದ್ದೀಯಾ ಜೋಕೆ! ಇನ್ನೂ ಅರ್ಧ ಕೆಚ್ಲು ಬಾಕಿ ಐತೆ! ಇನ್ನೊಂದ್ಸಲ ಒದರು!"

ಏನು ಮಾಡುವುದು? ಮತ್ತೆ ಗುಡ್ ಮಾರ್ನಿಂಗಿನಿಂದ ಶುರು! ಎರಡನೇ ಸಲಕ್ಕೆ ಇಡೀ ಸಭೆ ಅವನ ಜೊತೆ ಹೇಳತೊಡಗಿತು. ಮಕ್ಕಳೆಲ್ಲ ಗಾಳಿಯಲ್ಲಿ ಹಾಲು ಹಿಂಡುತ್ತಾ "ಒನ್ ವೈಫ್! ಒನ್ ಡಾಟರ್! ಒನ್ ಕೌ!" ಎಂದು ಕಿರುಚಿದವು. ಮುಖ್ಯ ಅತಿಥಿಗಳ ಕೈ ಕೂಡ ತಮಗೇ ಗೊತ್ತಿಲ್ಲದೆ ಶಾಲಿನಡಿಯಲ್ಲಿ ಆಡುತ್ತಿತ್ತು. ಕಡೆಗೆ ಫೋನು "ಸಾಕು, ಆಯ್ತು" ಎಂದು ಕಟ್ಟಾದಾಗ, ಬಂಗಾರಪೇಟೆ ಹೇಳಿಕೇಳಿ ರೈಲಿನ ಊರು, ರೈಲಿನ ಸದ್ದೂ ಕೇಳಿಸದಷ್ಟು ಚಪ್ಪಾಳೆ.

ಕೊರಳಿಗೆ ಹಾರ ಹಾಕಿಸಿಕೊಂಡು ಇಳಿದು ಬಂದವನ ಎದುರಿಗೆ ಚಿಕ್ಕವೆಂಕಟಪ್ಪ ಬ್ಲೇಡು ಹಿಡಿದೇ ನಿಂತಿದ್ದ.

"ಒಪ್ಪಲ್ಲ! ಇದು ಮಾತಾಡಿದ್ದಲ್ಲ, ಆಲು ಕರ್ದಿದ್ದು! ಮಿಸ್, ನೀವೇ ಏಳಿ. ಅಸಿಗೆ ಏಳಿದ್ದುನ್ನೇ ಇಲ್ಲೂ ಏಳ್ದ. ಎರಡ್ ಕಾಲ್ ಮೇಲೆ ನಿಂತು, ತನ್ ಸ್ವಂತ ಬುದ್ದಿಯಿಂದ, ಒಂದೇ ಒಂದು ಇಂಗ್ಲಿಷ್ ಮಾತು ಆಡ್ಲಿ. ಆವಾಗ ನಾನು ಬ್ಲೇಡು ಬಿಸಾಕ್ತೀನಿ!"

ಅರ್ಚನ ಮಿಸ್ ಯೋಚಿಸಿ, "ಅವರು ಹೇಳೋದ್ರಲ್ಲೂ ನ್ಯಾಯ ಇದೆ ವೆಂಕಟೇಶಪ್ಪಾ" ಎಂದು ನಕ್ಕರು.

"ಆಗ್ಲಿ!" ಎಂದ ವೆಂಕಟೇಶಪ್ಪ, ಹಾರದ ಅಮಲಿನಲ್ಲಿ. "ನಾಳೆ ಬೆಳಿಗ್ಗೆ ಡೈರಿ ತಾವ ಕೇಳು. ಇಂಗ್ಲಿಷಲ್ಲೇ ಕೇಳು!"

ಮರುದಿನ ಬೆಳಗಾಯಿತು. ವೆಂಕಟೇಶಪ್ಪ ಬೇಕೆಂದೇ ಏಳಲಿಲ್ಲ. ತಾನಿಲ್ಲದೆ ಹಸು ಹಾಲು ಬಿಡುವುದಿಲ್ಲ, ಹೆಂಡತಿ ಬಂದು ಕಾಲು ಹಿಡಿಯಲಿ, ಆಮೇಲೆ ಎದ್ದರಾಯಿತು ಎಂದು ಕಂಬಳಿಯೊಳಗೆ ಮೀಸೆ ಸವರಿಕೊಳ್ಳುತ್ತಾ ಮಲಗಿದ್ದ. ಯಾರೂ ಬರಲಿಲ್ಲ. ಬದಲಿಗೆ ಗೋಡೆಯ ಆಚೆಯಿಂದ ಒಂದು ದನಿ ಬಂತು.

"ಗುಡ್ ಮಾರ್ನಿಂಗ್ ರಾಣಿ. ಮೈ ನೇಮ್ ಈಸ್ ಗಂಗರತ್ನಮ್ಮ. ಐ ಹ್ಯಾವ್ ಒನ್ ಹಸ್ಬೆಂಡ್. ಮೈ ಹಸ್ಬೆಂಡ್ ಈಸ್ ಸ್ಲೀಪಿಂಗ್."

ಚೊರ್... ಚೊರ್... ಚೊರ್...

ಕಂಬಳಿ ಕಿತ್ತೆಸೆದು ಕೊಟ್ಟಿಗೆಗೆ ಓಡಿದ. ಬಕೆಟ್ಟಿನ ತುಂಬ ನೊರೆ! ರಾಣಿ ಅರೆಗಣ್ಣು ಮುಚ್ಚಿ ಸುಖವಾಗಿ ನಿಂತಿದ್ದಾಳೆ. ತನಗೂ ಇಷ್ಟು ಹಾಲು ಬಿಟ್ಟಿರಲಿಲ್ಲ ಕಳ್ಳಿ!

"ಎಲ್... ಎಲ್ ಕಲ್ತೆ ಇದನ್ನೆಲ್ಲಾ?"

"ಎರಡ್ ಒತ್ತೂ ಗೋಡೆ ಆ ಕಡೆ ನೀನು ಅರಚ್ತಿದ್ದೆ, ಈ ಕಡೆ ನಾನ್ ಮುದ್ದೆ ತಿರುವ್ತಿದ್ದೆ. ಅಸೂಗೆ ಬಂದಿದ್ದು ನಂಗ್ ಬರಲ್ವಾ? ಇಷ್ಟ್ ದಿನ ನಾಚ್ಕೆ ಆಗ್ತಿತ್ತು. ನೆನ್ನೆ ಬಂಗಾರಪೇಟೆ ಜನಾನೆಲ್ಲಾ ಸೇರ್ಸಿ ಆಲು ಕರ್ಸಿದ್ ಮೇಲೆ ಇನ್ನೇನ್ ನಾಚ್ಕೆ?"

"ಅಸ್ಬೆಂಡ್ ಈಸ್ ಸ್ಲೀಪಿಂಗ್ ಅನ್ನೋದು ನನ್ ಭಾಷಣದಾಗೆ ಇರ್ಲಿಲ್ವಲ್ಲಾ!"

"ಅದು ನಾನೇ ಮಾಡ್ಕೊಂಡಿದ್ದು. ನೀನ್ ಮಲಗಿದ್ದೆ, ಅಂದೆ. ಇರೋದ್ ಏಳಾಕೆ ಬಾಯಿಪಾಠ ಯಾಕೆ?" ಎಂದು ಮಂಡಿ ಹಿಡಿದು ಎದ್ದು, ಕ್ಯಾನಿಗೆ ಹಾಲು ಸುರಿದು ಅವನ ಕೈಗೆ ಕೊಟ್ಟ ಗಂಗರತ್ನಮ್ಮ, ಅವನು ಇನ್ನೂ ಕಂಬದಂತೆ ನಿಂತಿದ್ದನ್ನು ನೋಡಿ ಗದರಿದಳು. "ವೈ ಸ್ಟ್ಯಾಂಡಿಂಗ್? ಗೋ ಡೈರಿ!"

ಅದೇನು ವಿಚಿತ್ರವೋ, ಅವನಿಗೆ ಪೂರ್ತಿ ಅರ್ಥವಾಯಿತು. ಹೊರಟ.

ಡೈರಿಯ ಮುಂದೆ ಅಂದು ಹಾಲಿಗಿಂತ ಜನ ಹೆಚ್ಚು. ಮಧ್ಯದಲ್ಲಿ ಚಿಕ್ಕವೆಂಕಟಪ್ಪ, ಬ್ಲೇಡಿನ ಜೊತೆ ಇವತ್ತು ಸಣ್ಣ ಬಟ್ಟಲಲ್ಲಿ ಸೋಪಿನ ನೊರೆ ಕೂಡ ತಂದಿದ್ದ. ಒಂದು ಪ್ರಶ್ನೆಯನ್ನು ರಾತ್ರಿಯೆಲ್ಲ ಮನೆಯವರ ಮುಂದೆ ಒಪ್ಪಿಸಿ ಬಂದವನಂತೆ ಗಂಟಲು ಸರಿಮಾಡಿಕೊಂಡ.

"ವೆಂಕಟೇಶಾ! ಹೌ... ಆರ್... ಯೂ?"

ವೆಂಕಟೇಶಪ್ಪನ ಎರಡೂ ಕೈಯಲ್ಲಿ ಕ್ಯಾನು, ಹಿಂಡುವ ಹಾಗಿಲ್ಲ. ಕೂರುವ ಹಾಗಿಲ್ಲ. ನಾಲಿಗೆಯ ತುದಿಗೆ ಗುಡ್ ಮಾರ್ನಿಂಗ್ ಎವರಿಬಡಿ ಓಡಿಬಂತು, ಅದನ್ನು ನುಂಗಿದ. ಐ ಯಾಮ್ ಫೈನ್ ಅಂದುಬಿಡೋಣ ಅನ್ನಿಸಿತು. ಆದರೆ ಅದು ಮಿಸ್ ಕಲಿಸಿದ ಬಾಯಿಪಾಠ, ಅಲ್ಲದೆ ಅಪ್ಪಟ ಸುಳ್ಳು. ಕಣ್ಣ ಮುಂದೆ ಕೊಟ್ಟಿಗೆ ಬಂತು. ತುಂಬಿದ ಬಕೆಟ್ಟು ಬಂತು. ಮೀಸೆ ತನ್ನಷ್ಟಕ್ಕೆ ತಾನೇ ಕೆಳಗೆ ಬಾಗಿತು.

"ಐ ಯಾಮ್ ನಾಟ್ ಫೈನ್," ಎಂದ, ಎರಡು ಕಾಲ ಮೇಲೆ ನಿಂತು.

ಚಿಕ್ಕವೆಂಕಟಪ್ಪನ ಬಟ್ಟಲು ವಾಲಿತು. ಡೈರಿ ಸೆಕ್ರೆಟರಿ ಕಿಟಕಿಯಿಂದ ತಲೆ ಹೊರಹಾಕಿ ಆತುರದಿಂದ ಕೇಳಿದ, "ವೈ?"

ವೆಂಕಟೇಶಪ್ಪ ನಿಟ್ಟುಸಿರು ಬಿಟ್ಟ.

"ಮೈ ವೈಫ್ ಈಸ್ ಸ್ಪೀಕಿಂಗ್ ಇಂಗ್ಲಿಷ್!"